ನರಸಿಂಹಪ್ಪನ ಗೋಡೆಗೆ ತೂತು

ತಮಿಳುನಾಡಿಗೆ ಸೇರಿದ ಹೊಸೂರು ಸೀಮೆಯ ಬೇರಿಕೆಯ ಹತ್ತಿರದ ಒಂದು ಹಳ್ಳಿಯಲ್ಲಿ ನರಸಿಂಹಪ್ಪನ ಮನೆಗೆ ಯಾರೇ ಬರಲಿ, ಕುಡಿಯಲು ನೀರು ಕೊಡುವ ಮುಂಚೆ ಗೋಡೆ ತೋರಿಸುವುದು ರೂಢಿಯಾಗಿಬಿಟ್ಟಿತ್ತು. ಬೆರಳ ಗೆಣ್ಣಿನಿಂದ ಎರಡು ಸಲ ಗೋಡೆಗೆ ಕುಟ್ಟಿ, "ಸದ್ದು ಬಂತಾ? ಬರಾಕಿಲ್ಲ. ಇದು ಗೋಡೆ ಅಲ್ಲ, ಬಂಡೆ. ನಮ್ಮಪ್ಪ ಒಂದೊಂದು ಕಲ್ಲೂ ತಾನೇ ಆರಿಸ್ಕೊಂಡು ಬಂದು ಕಟ್ಸಿದ್ದು" ಎನ್ನುತ್ತಿದ್ದ. ಕೇಳಿದವರು ಹೌದೌದು ಎನ್ನಬೇಕು. ಅನ್ನದಿದ್ದರೆ ಮತ್ತೆರಡು ಸಲ ಕುಟ್ಟುತ್ತಿದ್ದ. ವೋಟು ಕೇಳಲು ಬಂದವರು, ಹಸುವಿಗೆ ಸೂಜಿ ಹಾಕಲು ಬಂದ ಡಾಕ್ಟರು, ದಾರಿ ತಪ್ಪಿ ವಿಳಾಸ ಕೇಳಲು ಬಂದ ಪಾರ್ಸೆಲ್ ಹುಡುಗ, ಎಲ್ಲರೂ ಅವನಪ್ಪ, ತೀರಿಹೋದ ವೆಂಕಟರಮಣಪ್ಪನ ಗೋಡೆಗೆ ತಲೆದೂಗಿ ಹೋದವರೇ.

ಅಂಥ ಗೋಡೆಗೆ ತೂತು ಹೊಡೆಯಬೇಕೆಂಬ ಮಾತು ಹುಟ್ಟಿದ್ದು ಅವನ ಹೆಂಡತಿ ಕದಿರಮ್ಮನ ಮಂಡಿಯಿಂದ. ಮದುವೆಯಾಗಿ ಬಂದಾಗಿನಿಂದ ಅವಳು ಹಿತ್ತಿಲ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಪಾತ್ರೆ ಬೆಳಗಿದವಳು. ಈಗ ಕೂತರೆ ಏಳುವುದಕ್ಕೆ ಯಾರಾದರೂ ಕೈ ಕೊಡಬೇಕಿತ್ತು. ಹೊಸೂರಿನ ಡಾಕ್ಟರು, ಇನ್ನು ಮೇಲೆ ಕುಕ್ಕರಗಾಲಲ್ಲಿ ಕೂರುವ ಹಾಗೇ ಇಲ್ಲ ಅಂದುಬಿಟ್ಟರು. ಮೂಕಂಡಪಲ್ಲಿಯ ಫ್ಯಾಕ್ಟರಿಗೆ ದಿನಾ ಓಡಾಡುವ ಮಗ ರಮೇಶ ಒಂದು ಸಂಜೆ ಬೈಕಿನ ಹಿಂದೆ ಹಗ್ಗ ಬಿಗಿದು ಸ್ಟೀಲಿನ ಸಿಂಕು ತಂದ. ಕದಿರಮ್ಮ ಅದನ್ನು ಸೆರಗಿನಲ್ಲಿ ಒರೆಸಿ, ಅದರಲ್ಲಿ ಮುಖ ನೋಡಿಕೊಂಡಳು.

"ನಿಂತ್ಕಂಡೇ ತೊಳೀಬೌದು ಅಲ್ವೇನ್ಲಾ?"

"ನಿಂತ್ಕಂಡೇ, ಅಮ್ಮ. ಅಡಿಗೆಮನೇಲೇ. ನೀರು ಪೈಪಲ್ಲಿ ಹಿತ್ತಿಲಿಗೆ ಹೋಗ್ಬುಡ್ತದೆ."

ಜಗಲಿಯ ಮೇಲಿದ್ದ ನರಸಿಂಹಪ್ಪನ ಕಿವಿ ನೆಟ್ಟಗಾಯಿತು. "ಹಿತ್ತಿಲಿಗೆ ಎಲ್ಲಿಂದ ಹೋಯ್ತದೆ?"

"ಗೋಡೆಗೊಂದು ತೂತು ಹೊಡೆದ್ರಾಯ್ತು, ಅಪ್ಪ."

ನರಸಿಂಹಪ್ಪ ನಕ್ಕ. ಮನಸಾರೆ, ಹೊಟ್ಟೆ ಕುಣಿಯುವಂತೆ ನಕ್ಕ. "ಹೊಡೀರಿ, ಹೊಡೀರಿ. ಯಾರು ಬೇಡ ಅಂದ್ರು? ಅದೇನು ಹೊಡೀತೀರೋ ನಾನೂ ನೋಡ್ತೀನಿ."

ಬೇರಿಕೆಯಿಂದ ಪ್ಲಂಬರ್ ವಾಸು ಬಂದ. ತೆಳ್ಳಗಿನ ಆಳು, ಮಾತು ಮಾತ್ರ ದಪ್ಪ. ಗೋಡೆಯನ್ನು ಮೇಲೆ ಕೆಳಗೆ ನೋಡಿ, "ಇದೇನಣ್ಣಾ, ಟೀ ಕುಡಿಯೋಷ್ಟರಲ್ಲಿ ಮುಗ್ಸಿ ಹೋಯ್ತೀನಿ" ಅಂದ. ನರಸಿಂಹಪ್ಪ ಒಂದು ಕುರ್ಚಿ ತಂದು ಅಡಿಗೆಮನೆಯ ಬಾಗಿಲಲ್ಲಿ ಹಾಕಿಕೊಂಡು ಕೂತ.

ಡ್ರಿಲ್ಲು ಗುಂಯ್‌ಗುಟ್ಟಿತು. ಮನೆ ತುಂಬ ಬಿಳಿ ಧೂಳು. ಒಲೆ, ಡಬ್ಬ, ಕದಿರಮ್ಮನ ತಲೆ ಎಲ್ಲ ಸುಣ್ಣ ಬಳಿದ ಹಾಗಾಯಿತು. ಧೂಳು ಇಳಿದ ಮೇಲೆ ನೋಡಿದರೆ ಗೋಡೆಯಲ್ಲಿ ಹೆಸರುಕಾಳು ಕೂರುವಷ್ಟು ಗುಳಿ. ವಾಸು ಡ್ರಿಲ್ಲಿನ ಮೊನೆ ಬದಲಾಯಿಸಿದ. ಅದೂ ಮೊಂಡಾಯಿತು. ಮೂರನೆಯದು ಮುರಿದು ಚೂರು ಹಾರಿ ಉಪ್ಪಿನ ಜಾಡಿಗೆ ಬಿತ್ತು. ನಾಲ್ಕನೆಯದಕ್ಕೆ ಮನೆಯ ಫ್ಯೂಸೇ ಹೋಯಿತು.

"ಟೀ ತಣ್ಣಗಾಯ್ತು ಕಣಪ್ಪ" ಅಂದ ನರಸಿಂಹಪ್ಪ. ದನಿಯಲ್ಲಿ ಬೆಲ್ಲವಿತ್ತು. "ಬೇಜಾರು ಮಾಡ್ಕೋಬೇಡ. ನಿಂದೇನೂ ತಪ್ಪಿಲ್ಲ. ಗೋಡೆ ಹಂಗೈತೆ."

ಮನೆಯ ಯಜಮಾನನೇ ಎದ್ದು ಹೋಗಿ ಇನ್ನೊಂದು ಲೋಟ ಟೀ ತಂದುಕೊಟ್ಟು ಬೆನ್ನು ತಟ್ಟಿದ್ದು ವಾಸುವಿನ ಮೈಗೆ ಮುಳ್ಳಾಯಿತು. ಅವನು ಹಿತ್ತಿಲಿಗೆ ಹೋಗಿ ಫೋನು ಹಚ್ಚಿ, "ಮಾಮಾ, ಅಂದ ಪೆರಿಯ ಮೆಷಿನ್ ಇರುಕ್ಕಾ?" ಎಂದು ತಮಿಳಿನಲ್ಲಿ ದೊಡ್ಡ ಮೆಷಿನ್ನನ್ನು ವಿಚಾರಿಸಿದ. ಇದ್ದ ತಮಿಳೆಲ್ಲ ರೇಷನ್ ಅಂಗಡಿಯಲ್ಲಿ ಕಲಿತದ್ದಾದರೂ ನರಸಿಂಹಪ್ಪನಿಗೆ ಇಷ್ಟು ಅರ್ಥವಾಯಿತು. ತರಲಿ, ಎಷ್ಟು ದೊಡ್ಡದು ಬೇಕಾದರೂ ತರಲಿ ಎಂದುಕೊಂಡ. ಅವತ್ತು ರಾತ್ರಿ ಅವನು ಒಂದು ಮುದ್ದೆ ಜಾಸ್ತಿಯೇ ಉಂಡ. ಕದಿರಮ್ಮ ಮಂಡಿ ಹಿಡಿದುಕೊಂಡು ಹಿತ್ತಿಲ ಕಲ್ಲಿಗೆ ಹೋಗುವಾಗ ಮಾತ್ರ ಅವನ ಮುಖ ನೋಡಿ, "ನೀವು ಯಾರ ಕಡೆ? ನನ್ನ ಕಡೆಯೋ, ಗೋಡೆ ಕಡೆಯೋ?" ಅಂದಳು. ಅವನು ಕೈ ತೊಳೆಯಲು ಎದ್ದ.

ಮಾರನೆಯ ದಿನ ಬಂದ ಮೆಷಿನ್ನು ಬೇರೆಯೇ ಥರದ್ದು. ಗೋಡೆಗೆ ಬೋಲ್ಟು ಹಾಕಿ ಬಿಗಿಯುವಂಥದ್ದು. ಮುಂದೆ ಹಲ್ಲಿರುವ ಒಂದು ದಪ್ಪ ಕೊಳವೆ, ಅದಕ್ಕೆ ಸುರಿಯುತ್ತಲೇ ಇರಲು ನೀರು. ಅದು ತಿರುಗತೊಡಗಿದಾಗ ನರಸಿಂಹಪ್ಪ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಸ್ವಲ್ಪ ಹೊತ್ತಿಗೆ ಒಂದು ಕಾಲು ಕೆಳಗಿಳಿಯಿತು. ಇನ್ನು ಸ್ವಲ್ಪ ಹೊತ್ತಿಗೆ ಅವನೇ ಎದ್ದು ನಿಂತ. ಕೊಳವೆ ನಿಧಾನಕ್ಕೆ, ಆದರೆ ನಿಲ್ಲದೆ, ಕಲ್ಲಿನೊಳಕ್ಕೆ ಇಳಿಯುತ್ತಿತ್ತು.

ಗೇಣು ಹೋಗಿರಬಹುದು. ಇದ್ದಕ್ಕಿದ್ದ ಹಾಗೆ ಮೆಷಿನ್ನಿನ ದನಿ ಬದಲಾಯಿತು. ಕೊಳವೆ ಬೆಣ್ಣೆಗೆ ಚಾಕು ಇಳಿದಂತೆ ಸರ್ರನೆ ಒಳಗೆ ನುಗ್ಗಿತು. ವಾಸು ಗಾಬರಿಯಾಗಿ ಸ್ವಿಚ್ಚು ಆರಿಸಿ ಕೊಳವೆ ಎಳೆದ. ಅದರ ಹಿಂದೆಯೇ ಬಳಬಳ ಸುರಿಯಿತು, ಕೆಮ್ಮಣ್ಣು.

ಮಣ್ಣಷ್ಟೇ ಅಲ್ಲ. ಹೆಂಚಿನ ಚೂರು, ಒಡೆದ ಮಡಕೆಯ ಬಾಯಿ, ಬಳೆ ಚೂರು, ಒಂದು ದನದ ಮೂಳೆ, ಯಾವುದೋ ಕಾಲದ ಒಂಟಿ ಚಪ್ಪಲಿಯ ಅಟ್ಟೆ.

ಕದಿರಮ್ಮ ಮಣ್ಣಿನ ಗುಡ್ಡೆ ನೋಡಿದಳು, ಗಂಡನನ್ನು ನೋಡಿದಳು. "ಬಂಡೆ ಅಂದ್ರಿ?"

"ಎಲ್ಲಾ ಕಲ್ಗೋಡೇನೂ ಹಿಂಗೇ ಅಕ್ಕ" ಅಂದ ವಾಸು. ಗೆದ್ದವನು ಈಗ ಧಾರಾಳಿಯಾಗಿದ್ದ. "ಒಳಗೊಂದು ಸಾಲು ಕಲ್ಲು, ಹೊರಗೊಂದು ಸಾಲು ಕಲ್ಲು. ನಡುವೆ ಊರಿನ ಕಸ ತುಂಬ್ತಾರೆ."

ಊರಿನ ಕಸ ಎಂಬ ಮಾತು ನರಸಿಂಹಪ್ಪನ ಎದೆಗೆ ನಾಟಿತು. ಅವನು ಓಡಿಹೋಗಿ ಮುಂಬಾಗಿಲು ಹಾಕಿ ಬಂದ. ಪೊರಕೆ, ಮೊರ ತಂದು ತಾನೇ ಮಣ್ಣು ಬಳಿದು ಬುಟ್ಟಿಗೆ ತುಂಬಿ, ಮೇಲೊಂದು ಗೋಣಿ ಮುಚ್ಚಿದ. ಮದುವೆಯಾದ ಮೇಲೆ ಅವನು ಪೊರಕೆ ಮುಟ್ಟಿದ್ದು ಅದೇ ಮೊದಲು. ಬುಟ್ಟಿ ಹೊತ್ತು ಹಿತ್ತಿಲಿಗೆ ಹೋಗುವಾಗ ಬೇಲಿಯಾಚೆಯಿಂದ ಯಾರೋ ಏನದು ಅಂದದ್ದಕ್ಕೆ, "ಕಲ್ಲು ಪುಡಿ, ಬರೀ ಕಲ್ಲು ಪುಡಿ" ಎಂದು ಕೂಗಿದ.

ಅವನು ವಾಪಸು ಬರುವಷ್ಟರಲ್ಲಿ ಒಳಗಿನಿಂದ ಠಣ್ ಎಂಬ ಸದ್ದು ಬಂತು. ವಾಸು ತೂತಿನೊಳಗೆ ಕಬ್ಬಿಣದ ಸರಳು ತಿವಿದು, ಮೊಬೈಲಿನ ಬೆಳಕು ಬಿಟ್ಟು ಕಣ್ಣಿಟ್ಟು ನೋಡುತ್ತಿದ್ದ. "ಅಣ್ಣಾ, ಇಲ್ಲೇನೋ ಐತೆ ನೋಡಿ."

ನರಸಿಂಹಪ್ಪ ಬಗ್ಗಿದ. ಮಣ್ಣಿನ ನಡುವೆ ದುಂಡನೆಯ, ನುಣ್ಣನೆಯ ಒಂದು ಕಲ್ಲು ನೆಟ್ಟಗೆ ನಿಂತಿತ್ತು. ಅದರ ನಟ್ಟನಡುವೆ ಒಂದು ತೂತು. ಉಳಿ ಹಿಡಿದು ಹದವಾಗಿ ಕೊರೆದ ತೂತು. ವಾಸು ಸಿಂಕಿನ ಪೈಪನ್ನು ಅದಕ್ಕೆ ತೋರಿಸಿದ. ಅಳತೆ ತೆಗೆದು ಮಾಡಿಸಿದ ಹಾಗೆ ಸಲೀಸಾಗಿ ಹೋಯಿತು.

"ಯಾರೋ ಮೊದ್ಲೇ ಪೈಪಿಗೆ ದಾರಿ ಬಿಟ್ಟವ್ರೆ!" ಅಂದ ವಾಸು.

ಬಾಡಿದ ಬಳ್ಳಿಗೆ ನೀರು ಬಿದ್ದ ಹಾಗಾಯಿತು ನರಸಿಂಹಪ್ಪನಿಗೆ. "ಯಾರೋ ಅಲ್ಲ ಕಣಯ್ಯ. ನಮ್ಮಪ್ಪ! ಮುಂದೊಂದು ದಿನ ಮನೆಗೆ ಪೈಪು ಬತ್ತದೆ ಅಂತ ಆವಾಗ್ಲೇ ಲೆಕ್ಕ ಹಾಕಿ ತೂತಿನ ಕಲ್ಲಿಟ್ಟವ್ನೆ. ಊರಿಗೆ ಕರೆಂಟೇ ಬಂದಿರಲಿಲ್ಲ ಆವಾಗ!"

"ಹಂಗಾದ್ರೆ ಹೊರಗಿನ ಸಾಲೂ ಕೊರೆದು ಪೈಪು ಹಾಕಿಬುಡ್ಲಾ?"

"ಮುಟ್ಟಬೇಡ! ನಾಳೆ ಬಾ. ಊರೋರು ನೋಡ್ಲಿ ಮೊದ್ಲು."

ಕದಿರಮ್ಮ ಸಿಂಕಿನ ಮೇಲೆ ಕೈಯಿಟ್ಟುಕೊಂಡು ಏನೋ ಹೇಳಲು ಹೋದಳು. ಅಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿ ಬೀದಿಯಲ್ಲಿದ್ದ. ಟೀ ಅಂಗಡಿಯಲ್ಲಿ ಹೇಳಿದ. ಹಾಲಿನ ಡೈರಿಯ ಮುಂದೆ ಹೇಳಿದ. ಬಸ್ಸಿಗೆ ಕಾಯುತ್ತಿದ್ದವರಿಗೆ ಹೇಳಿದ. ಬಸ್ಸು ಬಂದು ಅವರು ಹತ್ತಿದ ಮೇಲೆ ಕಿಟಕಿಯ ಪಕ್ಕ ನಾಲ್ಕು ಹೆಜ್ಜೆ ನಡೆಯುತ್ತ ಮಿಕ್ಕದ್ದನ್ನೂ ಹೇಳಿ ಮುಗಿಸಿದ. ಸಂಜೆಗೆ ಅಡಿಗೆಮನೆಯಲ್ಲಿ ಜನ ಸಾಲು ನಿಂತು ಒಬ್ಬರಾದ ಮೇಲೊಬ್ಬರು ತೂತಿಗೆ ಕಣ್ಣಿಟ್ಟು ಹೋದರು. ನರಸಿಂಹಪ್ಪ ಟಾರ್ಚು ಹಿಡಿದು ನಿಂತಿದ್ದ.

ಕೊನೆಗೆ ಬಂದವಳು ಪಕ್ಕದ ಮನೆಯ ಅಕ್ಕಯಮ್ಮ. ಎಪ್ಪತ್ತು ದಾಟಿದ ಮುದುಕಿ, ಗಂಡ ಹೋಗಿ ಬಹಳ ವರ್ಷವಾಗಿತ್ತು. ನರಸಿಂಹಪ್ಪ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದ. ಅವಳು ಗೋಡೆಗೆ ಹಣೆ ಆನಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತೂತಿನೊಳಗೆ ಕೈ ತೂರಿಸಿ ಕಲ್ಲನ್ನು ಸವರಿದಳು.

"ಏನ್ ಮುಂದಾಲೋಚನೆ ನೋಡು ದೊಡ್ಡಮ್ಮ, ನಮ್ಮಪ್ಪಂದು!"

"ಲೇ ನರಸಿಂಹ" ಅಂದಳು ಅಕ್ಕಯಮ್ಮ. "ಇದು ನಮ್ಮನೆ ರಾಗಿಕಲ್ಲಿನ ಮೇಲ್ಗಲ್ಲು ಕಣ್ಲಾ."

ಟಾರ್ಚು ಆರಿತು. ಅಥವಾ ನರಸಿಂಹಪ್ಪನೇ ಆರಿಸಿದನೋ ಏನೋ.

ಅಕ್ಕಯಮ್ಮ ಅಲ್ಲೇ ಗೋಡೆಗೊರಗಿ ಕೂತು ಹೇಳಿದಳು. ಅವಳು ಅಂಚೆಟ್ಟಿ ಕಡೆಯ ಕಾಡು ಹಳ್ಳಿಯಿಂದ ಹೊಸದಾಗಿ ಮದುವೆಯಾಗಿ ಬಂದಿದ್ದಳು. ಒಂದು ದಿನ ಅವಳ ಅಣ್ಣಂದಿರು ಗಾಡಿ ಕಟ್ಟಿಕೊಂಡು ತಂಗಿಯನ್ನು ನೋಡಲು ಬಂದು ಹೋದರು. ಅವರು ಹೋದ ಮಾರನೆಯ ಬೆಳಿಗ್ಗೆ ಹಿತ್ತಿಲಲ್ಲಿ ರಾಗಿ ಬೀಸುವ ಕಲ್ಲಿನ ಕೆಳಭಾಗ ಮಾತ್ರ ಇತ್ತು, ಮೇಲ್ಗಲ್ಲು ಇರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಇಡೀ ಊರಿಗೆ ಕೇಳುವ ಹಾಗೆ, ಸೊಸೆ ಅದನ್ನು ತವರಿಗೆ ಸಾಗಿಸಿಬಿಟ್ಟಳು ಎಂದಳು. ಅಣ್ಣಂದಿರು ಆ ಮಾತು ಕೇಳಿ ಮತ್ತೆ ಈ ಹೊಸ್ತಿಲು ತುಳಿಯಲಿಲ್ಲ. ಅತ್ತೆ ಸಾಯುವವರೆಗೂ ಅದನ್ನೇ ಅಂದಳು. ಅತ್ತೆ ಸತ್ತ ಮೇಲೆ ಆ ಮಾತನ್ನು ನಾದಿನಿ ಶ್ಯಾಮಲಮ್ಮ ವಹಿಸಿಕೊಂಡಳು. ಅವಳು ಬೇರಿಕೆಯಲ್ಲಿದ್ದಾಳೆ, ಈಗಲೂ ಯಾವುದಾದರೂ ಮದುವೆಯಲ್ಲಿ ಸಿಕ್ಕಿದರೆ, "ನಮ್ಮತ್ತಿಗೆ ಕಲ್ಲನ್ನೂ ಬಿಡಲಿಲ್ಲ" ಎಂದು ನಗುತ್ತಾಳೆ.

"ಆವಾಗ ನಿಮ್ಮನೆ ಗೋಡೆ ಏಳ್ತಿತ್ತು" ಎಂದು ಮುಗಿಸಿದಳು ಅಕ್ಕಯಮ್ಮ.

"ನಮ್ಮಪ್ಪ ಕದ್ದ ಅಂತೀಯಾ ದೊಡ್ಡಮ್ಮ?" ಅಂದ ನರಸಿಂಹಪ್ಪ. "ಕೂಲಿಯೋರು ಯಾರೋ ಎತ್ತಿ ಹಾಕಿರ್ತಾರೆ. ಕತ್ತಲಲ್ಲಿ ಗೊತ್ತಾಗಿರಾಕಿಲ್ಲ."

"ಒಂದೊಂದು ಕಲ್ಲೂ ತಾನೇ ಆರಿಸಿ ತಂದಿದ್ದು ಅಂತಿದ್ರಿ?" ಅಂದಳು ಕದಿರಮ್ಮ ಒಲೆಯ ಕಡೆಯಿಂದ.

ಅಕ್ಕಯಮ್ಮನಿಗೆ ಕೋಪವಿರಲಿಲ್ಲ. ಅದೇ ಅವನಿಗೆ ಕಷ್ಟವಾದದ್ದು. ಅವಳ ಮುಖದಲ್ಲಿ ಹಬ್ಬದ ಕಳೆ ಬಂದಿತ್ತು. "ಯಾರಾದ್ರೂ ಹಾಕ್ಲಿ ಬಿಡು. ಸಿಕ್ತಲ್ಲಾ! ಶ್ಯಾಮಲನ್ನ ಕರೆಸ್ತೀನಿ. ಅವಳ ಕಣ್ಣಾರೆ ನೋಡ್ಲಿ."

ಭಾನುವಾರ ರಜೆಯಿದ್ದ ರಮೇಶ ಬೈಕಿನಲ್ಲಿ ಹೋಗಿ ಶ್ಯಾಮಲಮ್ಮನನ್ನು ಕರೆತಂದ. ಅವಳು ಕನ್ನಡಕ ಹಾಕಿ, ತೂತಿಗೆ ಇಣುಕಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಇಣುಕಿದಳು.

"ಎಲ್ಲಾರ ಮನೆ ರಾಗಿಕಲ್ಲೂ ದುಂಡಗೇ ಇರ್ತದೆ" ಅಂದಳು. "ಇದು ನಮ್ದೇ ಅಂತ ಹೆಂಗೆ ಹೇಳೋದು?"

ನರಸಿಂಹಪ್ಪನಿಗೆ ಅವಳ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. "ಅದೇ ನಾನೂ ಹೇಳಿದ್ದು! ಯಾರದೋ ಏನೋ!"

"ಕೆಳಗಲ್ಲು ನಮ್ಮ ಹಿತ್ತಿಲಲ್ಲಿ ಹಂಗೇ ಐತೆ" ಅಂದಳು ಅಕ್ಕಯಮ್ಮ. "ಕೂರ್ಸಿ ನೋಡಾನ."

"ತೆಗೆದ್ರೆ ಗೋಡೆ ಬೀಳ್ತದೆ ದೊಡ್ಡಮ್ಮ!"

"ಬಂಡೆ ಎಲ್ಲಾದ್ರೂ ಬೀಳ್ತದಾ?" ಅಂದಳು ಕದಿರಮ್ಮ. ಅವಳು ಅಷ್ಟರಲ್ಲಿ ಮೂಲೆಯಲ್ಲಿದ್ದ ಹಾರೆ ತಂದು ಮಗನ ಕೈಗೆ ಕೊಟ್ಟಾಗಿತ್ತು. ನರಸಿಂಹಪ್ಪ ಹೆಂಡತಿಯನ್ನು ನೋಡಿದ. ಅಕ್ಕಯಮ್ಮನನ್ನು ನೋಡಿದ. ಅವಳು ಗೋಡೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು, ಆಸ್ಪತ್ರೆಯಲ್ಲಿ ಒಳಗಿರುವವರಿಗಾಗಿ ಹೊರಗೆ ಕಾಯುವವರ ಹಾಗೆ. ಅವನು ಮಗನ ಕೈಯಿಂದ ಹಾರೆ ತಾನೇ ತೆಗೆದುಕೊಂಡ.

"ಬಿಡ್ಲಾ. ನಮ್ಮಪ್ಪನ ಗೋಡೆ. ನಾನೇ ಬಿಚ್ತೀನಿ."

ಮೇಲಿನ ಸಾಲಿಗೆ ಒಂದು ಹುಣಸೆ ತೊಲೆ ಆನಿಸಿ ಎರಡು ಕಂಬ ಕೊಟ್ಟರು. ವಾಸುವೂ ಬಂದು ಸೇರಿದ. ಒಳಗಿನ ಸಾಲಿನ ಒಂದು ಕಲ್ಲು ಅಲುಗಿತು, ಇನ್ನೊಂದು ಬಂತು. ಮೇಲ್ಗಲ್ಲಿನ ಸುತ್ತಲ ಮಣ್ಣು ಕೆದಕಿ, ನಾಲ್ಕು ಕೈ ಹಾಕಿ ಎಳೆದರು. ಅದು ಬಂತು. ಅದರ ಹಿಂದೆ ಗೋಡೆಯ ಹೊಟ್ಟೆಯಲ್ಲಿದ್ದದ್ದೆಲ್ಲ ಬಂತು. ಆಸರೆ ತಪ್ಪಿದ ಹೊರಗಿನ ಸಾಲಿನ ಕಲ್ಲುಗಳು ಒಂದರ ಹಿಂದೊಂದು ದಡಬಡನೆ ಹಿತ್ತಿಲಿಗೆ ಉರುಳಿದವು. ಎಲ್ಲರೂ ಹೊರಗೋಡಿದರು. ಧೂಳು ಇಳಿದ ಮೇಲೆ ಒಳಗೆ ಬಂದು ನೋಡಿದರೆ ತೊಲೆಯ ಕೆಳಗೆ ಎರಡು ಮೊಳದಗಲ ಗೋಡೆಯೇ ಇಲ್ಲ. ಅಡಿಗೆಮನೆಯ ತುಂಬ ಬಿಸಿಲು. ಆಚೆಯಿಂದ ಹಸು ಕತ್ತು ಒಳಗೆ ಚಾಚಿ, ಕದಿರಮ್ಮ ಹೆಚ್ಚಿಟ್ಟಿದ್ದ ಹುರುಳಿಕಾಯಿಯನ್ನು ನಿಧಾನವಾಗಿ ತಿನ್ನುತ್ತಿತ್ತು.

ವಾಸು ತಲೆ ಕೆರೆದುಕೊಂಡ. "ಅಣ್ಣಾ, ಪೈಪಿಗೆ ಇಷ್ಟು ದೊಡ್ಡದು ಬೇಕಾಗಿರಲಿಲ್ಲ."

ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ನೆಲದ ಮೇಲೆ ಬಿದ್ದಿದ್ದ ಕಲ್ಲಿನ ಮೇಲಿತ್ತು. ರಮೇಶ ಮತ್ತು ವಾಸು ಅದನ್ನು ಉರುಳಿಸಿಕೊಂಡು ಅಕ್ಕಯಮ್ಮನ ಹಿತ್ತಿಲಿಗೆ ಒಯ್ದರು. ನರಸಿಂಹಪ್ಪ ಹಿಂದೆ ಹಿಂದೆ ನಡೆದ, ದಾರಿಯಲ್ಲಿ ಯಾವ ದೇವರಿಗೆ ಏನು ಬೇಡಿಕೊಳ್ಳಬೇಕೋ ತಿಳಿಯದೆ.

ಕೆಳಗಲ್ಲಿನ ಮೇಲೆ ಕೋಳಿಗೆ ನೀರಿಡುವ ಬಟ್ಟಲಿತ್ತು. ಅಕ್ಕಯಮ್ಮ ಅದನ್ನು ತೆಗೆದು, ಕಲ್ಲನ್ನು ತೊಳೆದು, ನಡುವಿನ ಗೂಟವನ್ನು ಸೆರಗಿನಿಂದ ಒರೆಸಿದಳು. ಮೇಲ್ಗಲ್ಲು ಇಳಿಯಿತು. ಅಂಚಿಗೆ ಅಂಚು ಕೂತಿತು. ಎರಡು ಕಲ್ಲಿನ ಅಂಚಿನಲ್ಲೂ ಉಳಿಯಿಂದ ಹೊಡೆದ ಮೂರು ಮೂರು ಗೀರು ಇದ್ದವು. ಅಕ್ಕಯಮ್ಮ ಒಂದು ಸುತ್ತು ತಿರುಗಿಸಿದಾಗ ಮೇಲಿನ ಗೀರು ಬಂದು ಕೆಳಗಿನ ಗೀರಿಗೆ ನೇರ ನಿಂತಿತು.

ಶ್ಯಾಮಲಮ್ಮ ಬಹಳ ಹೊತ್ತು ಆ ಗೀರುಗಳನ್ನು ನೋಡಿದಳು. ತಪ್ಪಾಯಿತು ಎನ್ನುವುದು ಅವಳ ನಾಲಿಗೆಗೆ ಗೊತ್ತಿರದ ಮಾತು. ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಲ್ಲಿನ ಒಂದು ಪಕ್ಕ ಕಾಲು ಚಾಚಿ ಕೂತಳು.

"ರಾಗಿ ತಗೊಂಡ್ಬಾ ಅತ್ತಿಗೆ" ಅಂದಳು. "ನಿಂಗೊಬ್ಳಿಗೇ ತಿರುಗ್ಸಾಕಾಗಾಕಿಲ್ಲ."

ಅಕ್ಕಯಮ್ಮ ಮೊರದಲ್ಲಿ ರಾಗಿ ತಂದು ಎದುರಿಗೆ ಕೂತಳು. ಮೇಲ್ಗಲ್ಲಿನ ಅಂಚಿಗೆ ಹೊಸದೊಂದು ಹಿಡಿಗೂಟ ಸಿಕ್ಕಿಸಿ, ಇಬ್ಬರು ಮುದುಕಿಯರೂ ಅದನ್ನೇ ಹಿಡಿದು ಬೀಸತೊಡಗಿದರು. ಮೊದಲು ಕೆಮ್ಮಣ್ಣು ಬಂತು, ಆಮೇಲೆ ಕೆಮ್ಮಣ್ಣೂ ಹಿಟ್ಟೂ ಬಂತು, ಆಮೇಲೆ ಹಿಟ್ಟು. ಸ್ವಲ್ಪ ಹೊತ್ತಿನ ಮೇಲೆ ಅಕ್ಕಯಮ್ಮನ ಕಣ್ಣಿಂದ ನೀರು ಸುರಿಯತೊಡಗಿತು. "ಧೂಳು" ಅಂದಳು. "ಹೂಂ, ಧೂಳೇ" ಅಂದಳು ಶ್ಯಾಮಲಮ್ಮ. ಅವಳೂ ಕಣ್ಣೊರೆಸಿಕೊಂಡಳು.

ನರಸಿಂಹಪ್ಪ ಅಲ್ಲಿ ನಿಲ್ಲಲಾರದೆ ಮನೆಗೆ ಬಂದ. ಬಿದ್ದ ಕಲ್ಲುಗಳನ್ನು ರಾಶಿ ಹಾಕುತ್ತ, ಗಾರೆಯವನನ್ನು ಕರೆಸಿ ನಾಳೆಯೇ ಮುಚ್ಚಿಸುತ್ತೇನೆ ಎಂದ. ಕದಿರಮ್ಮ ಗೋಡೆಯ ಆ ಬಾಯಿಯ ಮುಂದೆ ನಿಂತಿದ್ದಳು. ಗಾಳಿ ಅವಳ ಕೂದಲನ್ನು ಹಾರಿಸುತ್ತಿತ್ತು. ಆಚೆ ಹೂಕೋಸಿನ ಹೊಲ, ಅದರಾಚೆ ದಾರಿ, ದಾರಿಯಲ್ಲಿ ಹೋಗುವವರು.

"ಮುಚ್ಚಬೇಡಿ" ಅಂದಳು. "ಸರಳು ಹಾಕ್ಸಿ, ಕಿಟಕಿಯಾಗ್ಲಿ. ಇಷ್ಟು ವರ್ಷ ಈ ಗೋಡೆ ನೋಡ್ಕಂಡೇ ಅಡಿಗೆ ಮಾಡಿದ್ದು ಸಾಕು."

ಗೋಡೆ ಕಟ್ಟಿಸಿದವನ ಮಗನಿಗೆ ಅದಕ್ಕೆ ಎದುರಾಡುವ ಧೈರ್ಯ ಇರಲಿಲ್ಲ. ಕಿಟಕಿಯಾಯಿತು. ಅದರ ಕೆಳಗೆ ಸಿಂಕು ಕೂತಿತು. ಕಿಟಕಿಗೆ ಕಟ್ಟಿದ ಹೊಸ ಇಟ್ಟಿಗೆಯ ಸಾಲಿನಲ್ಲಿ ವಾಸು ಕೈಯಲ್ಲೇ ಒಂದು ಇಟ್ಟಿಗೆ ಕಿತ್ತು ಪೈಪು ತೂರಿಸಿದ. ಆ ಕೆಲಸ ನಿಜವಾಗಿಯೂ ಒಂದು ಟೀ ಕುಡಿಯುವಷ್ಟರಲ್ಲಿ ಮುಗಿಯಿತು.

ಅದೇ ಸಂಜೆ ಅಕ್ಕಯಮ್ಮ ಒಂದು ಪಾತ್ರೆ ತುಂಬ ಹಿಟ್ಟು ಕಳಿಸಿದಳು, ಭಾನುವಾರ ತನ್ನ ಕಲ್ಲಿನಲ್ಲಿ ಬೀಸಿದ್ದು. ಕದಿರಮ್ಮ ಅದರಲ್ಲೇ ಮುದ್ದೆ ಕಟ್ಟಿ ಬಡಿಸಿದಳು. ನರಸಿಂಹಪ್ಪ ಮೊದಲ ತುತ್ತು ಸಾರಿನಲ್ಲಿ ಅದ್ದಿ ಬಾಯಿಗಿಟ್ಟ. ನಾಲಿಗೆಯ ಮೇಲೆ ಕರಕರ ಎಂದಿತು, ಅವನಪ್ಪನ ಗೋಡೆಯ ಮಣ್ಣು. ಕಿಟಕಿಯಾಚೆ ಅಕ್ಕಯಮ್ಮ ಸರಳು ಹಿಡಿದು ನಿಂತು ಅವನ ಮುಖವನ್ನೇ ನೋಡುತ್ತಿದ್ದಳು.

"ಹೆಂಗೈತ್ಲಾ ನರಸಿಂಹ?"

ಪುಣ್ಯಕ್ಕೆ ಮುದ್ದೆ ಅಗಿಯುವಂಥದ್ದಲ್ಲ, ನುಂಗುವಂಥದ್ದು. ಅವನು ಗುಳುಕ್ಕನೆ ನುಂಗಿದ.

"ಬೋ ಚೆನ್ನಾಗೈತೆ ದೊಡ್ಡಮ್ಮ" ಅಂದ, ಮತ್ತು ಇನ್ನೊಂದು ತುತ್ತು ಮುರಿದ.